ಐದು ಜನ ಬಸವರಾಜರು ಮತ್ತು ಏಳು ಜನರ ಒಂದು ಸಾಫ್ಟ್‌ವೇರ್ ಕಂಪನಿ

(ಈ ವಾರದ ಸಂಚಿಕೆಯ ಬರಹ ರೂಪ)

ಹೋದ ವಾರ ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು. ‘ನಾನು ಆರು ಜನರ ಕಂಪನಿಯಲ್ಲಿ ಡೆವಲಪರ್. ದಿನಾ ಏನೋ ಒಂದು ಒಡೆಯುತ್ತೆ, ದಿನಾ ಸರಿ ಮಾಡ್ತೀವಿ. ದೊಡ್ಡ ಕಂಪನಿಗಳ ಥರ ಪ್ರೊಸೆಸ್ ಮಾಡೋಣ ಅಂದ್ರೆ ಬಾಸ್ ನಗ್ತಾರೆ. ಏನು ಮಾಡ್ಲಿ?’ ಅಂತ. ಇದಕ್ಕೆ ಉತ್ತರ ಹೇಳೋಕೆ ನನಗೆ ಅರ್ಹತೆ ಇದೆ. ಯಾಕಂದ್ರೆ ಒಂದು ಸಲ ಹಾಗೆ ಒಡೆದವನು ನಾನೇ.

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ. ನನ್ನನ್ನೂ ಸೇರಿಸಿ ಏಳು ಜನ. ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿದ್ವಿ. ನಮ್ಮ ಸಾಫ್ಟ್‌ವೇರ್‌ನಲ್ಲಿ ಜನ ಇಷ್ಟಪಟ್ಟಿದ್ದು ಜಿಎಸ್‌ಟಿ ಲೆಕ್ಕ ಅಲ್ಲ, ಉದ್ರಿ ಲೆಕ್ಕ. ಯಾರು ಎಷ್ಟು ಸಾಲ ಹೇಳಿ ಹೋಗಿದ್ದಾರೆ, ಎಷ್ಟು ತೀರಿಸಿದ್ದಾರೆ ಅನ್ನೋದು ಒಂದೇ ಪರದೆಯಲ್ಲಿ ಬರ್ತಿತ್ತು. ರಾಣೇಬೆನ್ನೂರಿನ ಒಬ್ಬ ಅಂಗಡಿಯವರು ಫೋನ್ ಮಾಡಿ, ಉದ್ರಿ ಪಟ್ಟಿಯಲ್ಲಿ ಒಬ್ಬರ ಹೆಸರೇ ಎರಡೆರಡು ಸಲ ಬರ್ತದೆ, ತೆಗೀರಿ ಅಂದ್ರು. ಕೆಲಸ ಸಣ್ಣದು. ನಾನು ಹತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಒಂದೇ ಹೆಸರು ಮತ್ತೆ ಬಂದರೆ ಮೊದಲನೆಯದನ್ನು ಉಳಿಸು, ಮಿಕ್ಕಿದ್ದನ್ನು ಅಳಿಸು. ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿದೆ, ಸರಿ ಇತ್ತು. ಸಂಜೆ ಆರೂವರೆ, ಮನೆಗೆ ಹೊರಡೋ ಹೊತ್ತು. ‘ಹಂಗಾ ಏರಿಸಿಬಿಡು’ ಅಂದ್ರು ಬಾಸ್. ಲೈವ್ ಡೇಟಾಬೇಸ್ ಮೇಲೆ ಓಡಿಸಿ ಹೊರಟೆ.

ನನ್ನ ಲ್ಯಾಪ್‌ಟಾಪ್‌ನಲ್ಲಿದ್ದ ಗ್ರಾಹಕರ ಹೆಸರುಗಳು ‘ಟೆಸ್ಟ್ ಒಂದು’, ‘ಟೆಸ್ಟ್ ಎರಡು’. ರಾಣೇಬೆನ್ನೂರಿನ ಅಂಗಡಿಯಲ್ಲಿ ಇದ್ದದ್ದು ಐದು ಜನ ಬಸವರಾಜ, ನಾಲ್ಕು ಮಂಜುನಾಥ, ಮೂವರು ಶಂಕ್ರವ್ವ. ಎಲ್ಲರೂ ಬೇರೆ ಬೇರೆ ಮನುಷ್ಯರು. ಮೊಬೈಲ್ ನಂಬರಿನ ಕಾಲಂ ಹೆಸರಿನ ಪಕ್ಕದಲ್ಲೇ ಇತ್ತು, ನಾನು ನೋಡಲೇ ಇಲ್ಲ. ಒಬ್ಬ ಬಸವರಾಜ ಉಳಿದ, ನಾಲ್ವರು ಹೋದ್ರು. ಅವರ ಜೊತೆ ಅವರ ಉದ್ರಿಯೂ ಹೋಯ್ತು.

ಮಾರನೆ ದಿನ ಬೆಳಗ್ಗೆ ಫೋನ್. ಅವರು ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. ‘ತಮ್ಮಾ, ನಿಮ್ಮ ಕಂಪ್ಯೂಟರ್ ನಂಬಿ ಹಳೀ ಉದ್ರಿ ವಹಿ ರದ್ದಿಗೆ ಹಾಕೇನಿ. ಈಗ ಯಾರ ಕಡೆಯಿಂದ ಎಷ್ಟು ಬರಬೇಕು ಅಂತ ನಾ ಹ್ಯಾಂಗ ಹೇಳ್ಲಿ?’ ಅಂದ್ರು.

ಬ್ಯಾಕಪ್ ಇದೆ ಅಂತ ಧೈರ್ಯ ಇತ್ತು. ದಿನಾ ರಾತ್ರಿ ಬ್ಯಾಕಪ್ ತಗೊಳ್ಳೋ ವ್ಯವಸ್ಥೆಯನ್ನು ನಮ್ಮ ಹಳೆ ಸಹೋದ್ಯೋಗಿ ಮಾಡಿಟ್ಟು ಹೋಗಿದ್ರು. ಫೋಲ್ಡರ್ ತೆಗೆದು ನೋಡಿದ್ರೆ ದಿನಕ್ಕೊಂದು ಫೈಲ್ ಸಾಲಾಗಿ ಇದೆ, ಅಷ್ಟೂ ಸೊನ್ನೆ ಕೆಬಿ. ಸರ್ವರ್‌ನ ಡಿಸ್ಕ್ ಎಂದೋ ತುಂಬಿ ಹೋಗಿತ್ತು. ಸ್ಕ್ರಿಪ್ಟ್ ಪ್ರತಿ ರಾತ್ರಿ ಖಾಲಿ ಫೈಲ್ ಸೃಷ್ಟಿ ಮಾಡಿ ಸುಮ್ಮನಾಗ್ತಿತ್ತು. ನೋಡಿದವರು ಯಾರೂ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸಿ ಇನ್ನೊಂದು ಘಟನೆ ಹೇಳ್ತೀನಿ. ‘ನಿಮ್ಮದು ಸಣ್ಣ ಕಂಪನಿ, ಅದಕ್ಕೇ ಹಾಗಾಯ್ತು’ ಅಂತ ನೀವು ಅಂದ್ಕೋಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ರಾತ್ರಿ ಹೊತ್ತು ಕೆಲಸ ಮಾಡ್ತಾ, ಅಳಿಸಬೇಕಾದ ಸರ್ವರ್ ಬಿಟ್ಟು ಮುಖ್ಯ ಸರ್ವರ್‌ನ ಡೇಟಾ ಅಳಿಸಿಬಿಟ್ರು. ತಪ್ಪು ಗೊತ್ತಾಗಿ ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿ ಹೋಗಿತ್ತು. ಆಮೇಲೆ ಬ್ಯಾಕಪ್ ಹುಡುಕಿದ್ರೆ, ಡೇಟಾಬೇಸ್‌ನ ಮಾಮೂಲಿ ಬ್ಯಾಕಪ್ ಸದ್ದಿಲ್ಲದೆ ಫೇಲ್ ಆಗ್ತಿತ್ತು. ಅದನ್ನ ತಿಳಿಸಬೇಕಾಗಿದ್ದ ಇಮೇಲ್‌ಗಳು ತಲುಪ್ತಾನೇ ಇರಲಿಲ್ಲ. ಬೇರೆ ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮುಂಚೆ ಒಬ್ಬರು ತೆಗೆದಿಟ್ಟಿದ್ದ ಒಂದು ಪ್ರತಿ ಇದ್ದದ್ದರಿಂದ ಬಚಾವಾದ್ರು. ಆ ಆರು ಗಂಟೆಯ ಡೇಟಾ ಮಾತ್ರ ವಾಪಸ್ ಬರಲೇ ಇಲ್ಲ. ನನಗೆ ಇಷ್ಟವಾಗೋದು ಮುಂದಿನ ಭಾಗ. ಅವರು ಮುಚ್ಚಿಡಲಿಲ್ಲ. ರಿಪೇರಿ ಮಾಡೋದನ್ನ ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದ್ರು. ಏನು ತಪ್ಪಾಯ್ತು ಅಂತ ಉದ್ದಕ್ಕೆ ಬರೆದು ಪ್ರಕಟಿಸಿದ್ರು, ಆದರೆ ತಪ್ಪನ್ನ ಒಬ್ಬ ಎಂಜಿನಿಯರ್ ತಲೆಗೆ ಕಟ್ಟಲಿಲ್ಲ. ಒಬ್ಬ ಮನುಷ್ಯ ಸುಸ್ತಾಗಿದ್ದಾಗ ಒಂದು ಕಮಾಂಡ್‌ನಿಂದ ಎಲ್ಲ ಹೋಗೋ ಹಾಗೆ ವ್ಯವಸ್ಥೆ ಯಾಕಿತ್ತು ಅನ್ನೋದನ್ನ ಕೇಳಿದ್ರು.

ನಮ್ಮ ಹತ್ತಿರ ಅಂಥ ಪ್ರತಿಯೂ ಇರಲಿಲ್ಲ. ಆದ್ರೆ ಉದ್ರಿ ಬಿಲ್ ಆದಾಗೆಲ್ಲ ಗ್ರಾಹಕರ ಮೊಬೈಲ್‌ಗೆ ಒಂದು ಎಸ್‌ಎಂಎಸ್ ಹೋಗ್ತಿತ್ತು. ನಾನು ರಾಣೇಬೆನ್ನೂರಿಗೆ ಹೋಗಿ ಮೂರು ದಿನ ಆ ಅಂಗಡಿಯ ಬೆಂಚಿನ ಮೇಲೆ ಕೂತೆ. ಬಂದ ಗ್ರಾಹಕರಿಗೆಲ್ಲ ‘ಸ್ವಲ್ಪ ನಿಮ್ಮ ಮೊಬೈಲ್ ಕೊಡ್ರಿ’ ಅಂತ ಕೇಳಿ ಹಳೆ ಮೆಸೇಜ್ ನೋಡಿ ಬರ್ಕೊಂಡೆ. ಬಹಳಷ್ಟು ಜನ ತಾವೇ ತೋರಿಸಿದ್ರು. ಕೆಲವರು ಮೆಸೇಜ್ ಡಿಲೀಟ್ ಆಗಿದೆ ಅಂದ್ರು. ಇರಬಹುದು. ಕಡೆಗೂ ಲೆಕ್ಕ ಸಿಗದೆ ಉಳಿದ ಹಣವನ್ನು ನಮ್ಮ ಬಾಸ್ ಕೊಡೋಕೆ ಹೋದ್ರು, ಅಂಗಡಿಯವರು ಅರ್ಧ ಮಾತ್ರ ತಗೊಂಡ್ರು.

ಇದಾದ ಮೇಲೆ ‘ಪ್ರೊಸೆಸ್ ತರೋಣ’ ಅನ್ನೋದು ಶುರುವಾಯ್ತು. ಮೊದಲ ಪ್ರಯತ್ನ ಪೂರ್ತಿ ಫೇಲ್. ಬಾಸ್ ಬೆಂಗಳೂರಿನಲ್ಲಿದ್ದ ಗೆಳೆಯರಿಂದ ಎಕ್ಸೆಲ್ ಫಾರ್ಮ್‌ಗಳ ದೊಡ್ಡ ಕಂತೆ ತರಿಸಿದ್ರು. ಬದಲಾವಣೆಗೆ ಒಂದು ಫಾರ್ಮ್, ಅನುಮೋದನೆಗೆ ಇನ್ನೊಂದು, ಅಪಾಯಗಳ ಪಟ್ಟಿ ಬೇರೆ. ಮೂರು ವಾರ ತುಂಬಿದ್ವಿ. ನಾಲ್ಕನೇ ವಾರ ಶುಕ್ರವಾರ ಸಂಜೆ ಕೂತು ಇಡೀ ವಾರದ ಫಾರ್ಮ್‌ಗಳನ್ನ ಒಟ್ಟಿಗೆ ಸುಳ್ಳುಸುಳ್ಳೇ ತುಂಬೋಕೆ ಶುರು ಮಾಡಿದ್ವಿ. ಅಲ್ಲಿಗೆ ಅದರ ಕಥೆ ಮುಗೀತು.

ಆ ಫಾರ್ಮ್‌ಗಳದ್ದು ತಪ್ಪು ಅಂತ ನಾನು ಹೇಳಲ್ಲ. ಅವು ಬಂದ ಜಾಗ ಬೇರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ 1991ರಲ್ಲಿ ಸಿಎಂಎಂ ಅನ್ನೋ ಮಾದರಿ ಪ್ರಕಟಿಸಿತು. ಅದರಲ್ಲಿ ಐದು ಮಟ್ಟ. ಹಿಂದಿದ್ದದ್ದು ಅಮೆರಿಕದ ರಕ್ಷಣಾ ಇಲಾಖೆಯ ಪ್ರಶ್ನೆ. ಇಷ್ಟು ದೊಡ್ಡ ಗುತ್ತಿಗೆ ಕೊಡ್ತೀವಲ್ಲ, ಈ ಕಂಪನಿ ನಿಜಕ್ಕೂ ಮಾಡಿ ಕೊಡುತ್ತಾ ಅಂತ ತಿಳಿಯೋದು ಹೇಗೆ? ಬೆಂಗಳೂರಿಗೂ ಈ ಮಾದರಿಗೂ ಹಳೆ ನಂಟು. 1990ರ ದಶಕದಲ್ಲಿ ಐದನೇ ಮಟ್ಟ ಮುಟ್ಟಿದ ಜಗತ್ತಿನ ಮೊದಲ ಕೆಲವೇ ತಂಡಗಳಲ್ಲಿ ಬೆಂಗಳೂರಿನ ಮೊಟೊರೋಲಾ ಘಟಕವೂ ಒಂದು. ಸಾವಿರ ಮೈಲಿ ದೂರದ ಗ್ರಾಹಕರಿಗೆ ‘ನಮ್ಮನ್ನ ನಂಬಿ’ ಅಂತ ಹೇಳೋಕೆ ಆ ದಾಖಲೆಗಳು ಬೇಕಾಗಿದ್ದವು. ನಮ್ಮ ಗ್ರಾಹಕರೋ, ಸಿಟ್ಟು ಬಂದ್ರೆ ಬಸ್ ಹತ್ತಿ ನೇರ ಆಫೀಸಿಗೇ ಬರೋರು.

ಇದೇ ತೊಂದರೆ ಎಷ್ಟೋ ದೇಶಗಳಲ್ಲಿ ಇತ್ತು. ಅದಕ್ಕೇ 2011ರಲ್ಲಿ ಐಎಸ್‌ಒ/ಐಇಸಿ 29110 ಅನ್ನೋ ಮಾನದಂಡ ಬಂತು. ಇದು 25 ಜನರವರೆಗಿನ ತಂಡಗಳಿಗೆ ಅಂತಲೇ ಮಾಡಿದ್ದು. ಅದರ ಬೇಸಿಕ್ ಹಂತದಲ್ಲಿ ಎರಡೇ ಪ್ರಕ್ರಿಯೆ. ಒಂದು ಪ್ರಾಜೆಕ್ಟ್ ನಡೆಸೋದು, ಇನ್ನೊಂದು ಸಾಫ್ಟ್‌ವೇರ್ ಕಟ್ಟೋದು. ಇನ್ನೂ ಚಿಕ್ಕವರಿಗೆ, ಅಂದ್ರೆ ಹೊಸ ಸ್ಟಾರ್ಟಪ್‌ಗಳಿಗೆ ಮತ್ತು ಆರು ಮಾನವ-ತಿಂಗಳು ಮೀರದ ಪ್ರಾಜೆಕ್ಟ್‌ಗಳಿಗೆ, ಎಂಟ್ರಿ ಅನ್ನೋ ಹಂತ ಇದೆ. ಮೂವರು ಸೇರಿ ಎರಡು ತಿಂಗಳಲ್ಲಿ ಮುಗಿಸೋ ಕೆಲಸ ಅಂದ್ಕೊಳ್ಳಿ. ಇದಕ್ಕೆ ಸರ್ಟಿಫಿಕೇಟ್ ತಗೋಬಹುದು. ಥಾಯ್ಲೆಂಡ್‌ನಲ್ಲಿ ಬಹಳ ಸಣ್ಣ ಕಂಪನಿಗಳು ತಗೊಂಡಿವೆ. ಆದ್ರೆ ಸರ್ಟಿಫಿಕೇಟ್ ಇಲ್ಲದೆಯೂ ಅದರ ಮಾರ್ಗದರ್ಶಿ ಓದಿದ್ರೆ, ಏನನ್ನ ಬಿಡಬಹುದು, ಏನನ್ನ ಬಿಡೋ ಹಾಗಿಲ್ಲ ಅನ್ನೋದು ಗೊತ್ತಾಗುತ್ತೆ. ನಮಗೆ ಬೇಕಾಗಿದ್ದದ್ದು ಅಷ್ಟೇ.

ಕೊನೆಗೆ ನಮ್ಮಲ್ಲಿ ಉಳಿದದ್ದು ಕೆಲವೇ ಅಭ್ಯಾಸ. ಗಿಟ್ ಬಳಸೋದು ಅಂತೂ ಬಿಡಿ, ಅದನ್ನ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಪುಕ್ಕಟೆ ಸಿಗುತ್ತೆ, ಬಳಸದೇ ಇರೋಕೆ ಕಾರಣವೇ ಇಲ್ಲ. ನಿಜವಾದ ಜಗಳ ಆಗಿದ್ದು ‘ಎರಡನೇ ಕಣ್ಣು’ ಅನ್ನೋ ನಿಯಮಕ್ಕೆ. ಬರೆದವರು ಬಿಟ್ಟು ಇನ್ನೊಬ್ಬರು ನೋಡದೆ ಯಾವ ಬದಲಾವಣೆಯೂ ಲೈವ್‌ಗೆ ಹೋಗಬಾರದು. ‘ಏಳು ಜನ ಇದೀವಿ, ಎಲ್ಲರ ಕೈಲೂ ಕೆಲಸ ತುಂಬಿದೆ, ಯಾರು ನೋಡ್ಬೇಕು?’ ಅನ್ನೋದು ವಾದ. ನನ್ನ ಹತ್ತು ಸಾಲು ಓದೋಕೆ ಎರಡು ನಿಮಿಷ ಸಾಕಿತ್ತು. ನನ್ನ ಪಕ್ಕದಲ್ಲಿ ಕೂರ್ತಿದ್ದ ಹುಡುಗಿ ಗದಗ ಕಡೆಯವಳು, ಅವಳದೇ ಕ್ಲಾಸಲ್ಲಿ ಮೂವರು ಬಸವರಾಜ ಇದ್ರಂತೆ. ಆಮೇಲೆ ಹೇಳಿದ್ಲು.

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಷೇರು ವಹಿವಾಟು ಸಂಸ್ಥೆಗೆ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಆಯ್ತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹಾಕಿ ಒಂದನ್ನ ಮರೆತಿದ್ರು, ಅದರಲ್ಲಿದ್ದ ಹಳೆ ಕೋಡ್ ಎದ್ದು ಕೂತಿತು. ಇನ್ನೊಬ್ಬರು ನೋಡಿ ಖಚಿತ ಮಾಡ್ಬೇಕು ಅನ್ನೋ ಲಿಖಿತ ನಿಯಮ ಅಲ್ಲಿ ಇರಲಿಲ್ಲ ಅಂತ ಅಲ್ಲಿನ ಷೇರುಪೇಟೆ ನಿಯಂತ್ರಣ ಸಂಸ್ಥೆ ಆಮೇಲೆ ತನ್ನ ಆದೇಶದಲ್ಲಿ ಬರೆಯಿತು. ಈ ಕಥೆಯನ್ನ ಮೀಟಿಂಗ್‌ನಲ್ಲಿ ಹೇಳಿದ ಮೇಲೆ ನಮ್ಮ ಬಾಸ್ ಸುಮ್ಮನಾದ್ರು.

ಬ್ಯಾಕಪ್ ವಿಷಯದಲ್ಲಿ ನಿಯಮ ಇನ್ನೂ ಸರಳ. ತಿಂಗಳ ಮೊದಲ ಸೋಮವಾರ ಬೆಳಗ್ಗೆ ಒಬ್ಬರು ಬ್ಯಾಕಪ್ ಫೈಲ್ ತಗೊಂಡು ಖಾಲಿ ಕಂಪ್ಯೂಟರ್‌ನಲ್ಲಿ ಪೂರ್ತಿ ಅಂಗಡಿಯನ್ನ ಎಬ್ಬಿಸಿ ತೋರಿಸ್ಬೇಕು. ನಿನ್ನೆಯ ಕೊನೆ ಬಿಲ್ ಅದರಲ್ಲಿ ಕಾಣ್ಬೇಕು. ಪ್ರತಿ ತಿಂಗಳು ಬೇರೆಯವರ ಸರದಿ, ಇಲ್ಲದಿದ್ರೆ ಆ ವಿದ್ಯೆ ಒಬ್ಬರ ತಲೆಯಲ್ಲೇ ಉಳಿಯುತ್ತೆ. ಮೊದಲ ಸಲ ಇದಕ್ಕೆ ಇಡೀ ಹಗಲು ಬೇಕಾಯ್ತು, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹುಡುಕೋದೇ ಮಧ್ಯಾಹ್ನದವರೆಗೆ.

ಇನ್ನೊಂದು, ವಾಟ್ಸ್ಆ್ಯಪ್ ವಾಯ್ಸ್ ನೋಟ್. ನಮಗೆ ಬರೋ ಕೆಲಸದ ಬಹುಪಾಲು ವಾಯ್ಸ್ ನೋಟ್‌ನಲ್ಲೇ. ‘ಅದು ಸರಿ ಬರ್ತಿಲ್ಲ, ನೋಡ್ರಿ’ ಅಂತ. ಯಾವುದು ಸರಿ ಬರ್ತಿಲ್ಲ, ಸರಿ ಅಂದ್ರೆ ಏನು? ಈಗ ಕೇಳಿದವರೇ ಎರಡು ಸಾಲು ಬರೆದು ಗ್ರಾಹಕರಿಗೆ ವಾಪಸ್ ಕಳಿಸ್ತಾರೆ. ಸದ್ಯ ಹೀಗಿದೆ, ಹೀಗಾಗ್ಬೇಕು, ಸರೀನಾ? ಅವರು ‘ಹೌದು’ ಅಂದ ಮೇಲೇ ಕೋಡ್. ‘ಒಬ್ಬರ ಹೆಸರೇ ಎರಡು ಸಲ’ ಅಂದಾಗ ನಾನು ಹೀಗೆ ಬರೆದು ಕಳಿಸಿದ್ರೆ, ‘ಏ ತಮ್ಮಾ, ನಂಬರೂ ಒಂದೇ ಇದ್ರ ಅಷ್ಟ ತಗೀಪಾ’ ಅಂತ ಅಲ್ಲೇ ಹೇಳ್ತಿದ್ರು. ಟೆಸ್ಟ್ ಡೇಟಾವನ್ನೂ ಬದಲಾಯಿಸಿದ್ವಿ. ಅದರಲ್ಲಿ ಈಗ ಐದು ಬಸವರಾಜ ಇದ್ದಾರೆ. ಹೆಸರು ಕನ್ನಡದಲ್ಲಿ ಬರೆದ ಒಬ್ಬರು, ನಂಬರ್ ಇಲ್ಲದ ಒಬ್ಬರು, ಒಂದೇ ಫೋನ್ ಹಂಚಿಕೊಂಡಿರೋ ಅತ್ತೆ ಸೊಸೆ ಕೂಡ ಇದ್ದಾರೆ. ಹೊಸಬರು ಸೇರಿದಾಗ ಮೊದಲು ಈ ಪಟ್ಟಿ ತೋರಿಸ್ತೀವಿ.

ಸಂಜೆ ಐದರ ಮೇಲೆ ಲೈವ್‌ಗೆ ಏನೂ ಹಾಕೋ ಹಾಗಿಲ್ಲ ಅನ್ನೋ ನಿಯಮವೂ ಇದೆ. ಇದನ್ನ ಮುರಿದವರಲ್ಲಿ ಬಾಸ್ ಮೊದಲಿಗರು, ನಾನು ಎರಡನೆಯವನು.

ಮೆಸೇಜ್ ಮಾಡಿದ ಗೆಳೆಯರೇ, ನಿಮ್ಮ ಬಾಸ್‌ಗೆ ಪ್ರೊಸೆಸ್ ಅನ್ನೋ ಪದವನ್ನೇ ಹೇಳಬೇಡಿ. ಈ ವಾರ ಬ್ಯಾಕಪ್ ಒಂದನ್ನ ರಿಸ್ಟೋರ್ ಮಾಡಿ ನೋಡಿ, ಆದದ್ದನ್ನ ಹೋಗಿ ಹೇಳಿ. ಮುಂದಿನ ಮಾತು ತಾನಾಗಿ ಶುರುವಾಗುತ್ತೆ. ಸಣ್ಣ ಕಂಪನಿಗಳಿಗೆ ಇಂಟರ್ವ್ಯೂಗೆ ಹೋಗ್ತಿರೋರು, ‘ಏನಾದ್ರೂ ಕೇಳೋದಿದೆಯಾ?’ ಅಂತ ಕೊನೆಗೆ ಅವರು ಕೇಳ್ತಾರಲ್ಲ, ಆಗ ಕೇಳಿ. ಕೋಡ್ ಲೈವ್‌ಗೆ ಹೋಗೋ ಮುಂಚೆ ಯಾರು ನೋಡ್ತಾರೆ? ಕೊನೆ ಸಲ ಬ್ಯಾಕಪ್ ರಿಸ್ಟೋರ್ ಮಾಡಿದ್ದು ಯಾವಾಗ? ಉತ್ತರಕ್ಕಿಂತ ಅವರ ಮುಖ ನೋಡಿ.

ರಾಣೇಬೆನ್ನೂರಿನವರು ಈಗಲೂ ನಮ್ಮ ಗ್ರಾಹಕರೇ. ಗಲ್ಲಾಪೆಟ್ಟಿಗೆ ಪಕ್ಕ ಕಂಪ್ಯೂಟರ್ ಇದೆ, ಅದರ ಕೆಳಗೆ ಕೆಂಪು ರಟ್ಟಿನ ಒಂದು ಹೊಸ ವಹಿಯೂ ಇದೆ. ಹೋದ ಸಲ ಹೋದಾಗ ನಾನು ಅದನ್ನ ನೋಡಿದ್ದು ಅವರಿಗೆ ಗೊತ್ತಾಯ್ತು. ‘ಇರ್ಲಿ ಬಿಡು’ ಅಂತ ಚಹಾ ತರಿಸಿದ್ರು.

ಮುಂದಿನ ವಾರ ಸಿಗೋಣ. ನಿಮ್ಮ ಆಫೀಸಿನ ಇಂಥ ಕಥೆ ಇದ್ರೆ ಕಳಿಸಿ, ಕಂಪನಿ ಹೆಸರು ಬೇಡ.