ಐದು ಸೆಂಟ್ಸಿನ ಮನೆ, ಐವತ್ತು ಅಡಿಯ ಅಂತರ

"ಡಾಕ್ಟ್ರೇ, ನಮ್ಮ ಬಾವಿಯ ನೀರು ಕನ್ನಡಿಯ ಹಾಗಿದೆ. ಹೊರಗಿನ ತಿಂಡಿ ಮುಟ್ಟುವುದೇ ಇಲ್ಲ. ಆದರೂ ಮನೆಯ ಮೂವರಿಗೆ ಕಾಮಾಲೆ ಹೇಗೆ ಬಂತು?"

ಮಳೆಗಾಲದಲ್ಲಿ ಇಂಥ ಪ್ರಶ್ನೆ ಎದುರಿಸದ ವೈದ್ಯರು ನಮ್ಮ ಕಡೆ ಇರಲಾರರು. ಉತ್ತರ ಅನೇಕ ಬಾರಿ ಆ ಮನೆಯ ಹಿತ್ತಿಲಿನಲ್ಲೇ ಇರುತ್ತದೆ.

2011ರ ಜನಗಣತಿಯಂತೆ ಬಂಟ್ವಾಳ ಪುರಸಭೆಯ ಜನಸಂಖ್ಯೆ 40 ಸಾವಿರ, ಮೂಡುಬಿದಿರೆಯದು 29 ಸಾವಿರ ದಾಟಿತ್ತು. ಬೆಳ್ತಂಗಡಿ ಪಟ್ಟಣದ್ದು ಎಂಟು ಸಾವಿರದೊಳಗಿತ್ತು. ಆದರೆ ಊರು ಬೆಳೆಯುವುದು ಗಡಿಕಲ್ಲು ನೋಡಿಕೊಂಡಲ್ಲ. ಬಿ.ಸಿ.ರೋಡಿನ ಅಂಗಡಿಗಳು, ಮೂಡುಬಿದಿರೆಯ ಹಾಸ್ಟೆಲುಗಳು, ಪೇಟೆಯ ಅಂಚಿನ ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟುಗಳು, ಎಲ್ಲಕ್ಕೂ ನೀರು ಬೇಕು, ಕೊಳಚೆ ಹೋಗಲು ದಾರಿಯೂ ಬೇಕು. ಹೊಸ ಬಡಾವಣೆಗೆ ಮೊದಲು ರಸ್ತೆ ಬರುತ್ತದೆ, ಆಮೇಲೆ ಕರೆಂಟು. ಒಳಚರಂಡಿಯ ಮಾತು ಎಲ್ಲಕ್ಕಿಂತ ಕೊನೆಗೆ.

ಹಿಂದೆ ತೋಟದ ನಡುವೆ ಒಂದು ಮನೆ, ಒಂದು ಬಾವಿ. ಈಗ ಐದು ಸೆಂಟ್ಸಿಗೊಂದು ಮನೆ. ಒಂದು ಸಣ್ಣ ಲೆಕ್ಕ ಮಾಡೋಣ. ಐದು ಸೆಂಟ್ಸ್ ಎಂದರೆ ಸುಮಾರು 2,178 ಚದರ ಅಡಿ. ಜಾಗ ಚೌಕವಾಗಿದ್ದರೆ ಒಂದು ಬದಿ 47 ಅಡಿಯೂ ಇಲ್ಲ. ಬಾವಿಗೂ ಶೌಚದ ಗುಂಡಿಗೂ ಇರಬೇಕಾದ ಅಂತರವೋ 50 ಅಡಿ! ನಿಮ್ಮ ಗುಂಡಿಯನ್ನು ಹೇಗೋ ಮೂಲೆಗೆ ತಳ್ಳಿದರೂ ಅದು ನೆರೆಮನೆಯ ಬಾವಿಯ ಪಕ್ಕ ಇರುತ್ತದೆ.

ನಮ್ಮ ಮುರಕಲ್ಲಿನ ಮೈತುಂಬ ತೂತು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿದಾಗ ಗುಂಡಿಯ ನೀರು ಬಾವಿಗೆ ಸುಲಭವಾಗಿ ಜಿನುಗುತ್ತದೆ. "ಸೆಪ್ಟಿಕ್ ಟ್ಯಾಂಕ್ ಇದೆಯಲ್ಲ" ಎನ್ನಬೇಡಿ. ಅದರಿಂದ ಹೊರಬರುವ ನೀರಿನಲ್ಲೂ ರೋಗಾಣುಗಳಿರುತ್ತವೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಬಣ್ಣ, ವಾಸನೆ ಯಾವುದನ್ನೂ ತೋರಿಸದು. ದೇಹ ಸೇರಿದ ಎರಡರಿಂದ ಏಳು ವಾರಗಳ ಬಳಿಕ ರೋಗ ಕಾಣಿಸುವುದರಿಂದ ಬಾವಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಟೈಫಾಯ್ಡ್, ವಾಂತಿಭೇದಿಗಳಿಗೂ ಇದೇ ದಾರಿ.

ಇದು ಒಂದು ಮನೆಯ ಸಮಸ್ಯೆಯೂ ಅಲ್ಲ. ಬೆಳ್ತಂಗಡಿಯ ಕಡೆಯ ನೀರು ನೇತ್ರಾವತಿಯನ್ನು ಸೇರಿ ಬಂಟ್ವಾಳಕ್ಕೆ ಬರುತ್ತದೆ. ಅದೇ ನದಿಯ ನೀರು ತುಂಬೆ ಅಣೆಕಟ್ಟಿನಿಂದ ಮಂಗಳೂರಿನ ನಳ್ಳಿಗಳಿಗೆ ಹೋಗುತ್ತದೆ. ಮೇಲಿನವರ ಕೊಳಚೆ ಕೆಳಗಿನವರ ಕೊಡಕ್ಕೆ ಬರಬಾರದು.

ನೀವು ಮಾಡಬೇಕಾದುದು:

1. ಕುಡಿಯುವ ನೀರನ್ನು ಕುದಿಸಿ. ಬೆಚ್ಚಗಾದರೆ ಸಾಲದು, ಕೊತಕೊತನೆ ಒಂದೆರಡು ನಿಮಿಷ ಕುದಿಯಬೇಕು. ಕುದಿಸಿದ ನೀರಿಗೆ ತಣ್ಣೀರು ಬೆರೆಸಬೇಡಿ.

2. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಸಾಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 24 ಗ್ರಾಂ. ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ರಾತ್ರಿ ಬಾವಿಗೆ ಬಿಟ್ಟು, ಬೆಳಿಗ್ಗೆ ನೀರು ಸೇದಿ.

3. ಬಾವಿಗೆ ಕಟ್ಟೆ ಇರಲಿ, ಸುತ್ತ ಸಿಮೆಂಟು ಹಾಸಿರಲಿ. ಮಳೆನೀರು ಒಳಗೆ ಹರಿಯದಿರಲಿ.

4. ಜ್ವರ, ವಾಕರಿಕೆ, ಊಟ ಸೇರದಿರುವುದು, ಗಾಢ ಹಳದಿ ಮೂತ್ರ ಕಂಡರೆ ವೈದ್ಯರಲ್ಲಿಗೆ ಹೋಗಿ. ಗರ್ಭಿಣಿಯರಂತೂ ತಡಮಾಡಬಾರದು, ಹೆಪಟೈಟಿಸ್ ಇ ಅವರ ಪ್ರಾಣಕ್ಕೇ ಎರವಾಗಬಹುದು. ರೋಗಿಗೆ ಮಂಪರು, ಗೊಂದಲ, ರಕ್ತಸ್ರಾವ ಇದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಇಷ್ಟೆಲ್ಲ ಮಾಡಿದರೂ ಮನೆಮನೆಯ ಒಲೆ ಊರಿನ ಒಳಚರಂಡಿಯ ಕೆಲಸ ಮಾಡಲಾರದು. ಜನ ಬರುವ ಮೊದಲೇ ಶುದ್ಧ ನೀರಿನ ಮತ್ತು ಕೊಳಚೆಯ ವ್ಯವಸ್ಥೆ ಆಗಬೇಕೆಂದು ಪುರಸಭೆ, ಪಂಚಾಯತುಗಳಲ್ಲಿ ಒತ್ತಾಯಿಸಿ. ಸೈಟು ನೋಡಲು ಹೋದಾಗ ವಾಸ್ತು ಕೇಳುತ್ತೀರಿ, ರಸ್ತೆಯ ಅಗಲ ಕೇಳುತ್ತೀರಿ. ನೆರೆಮನೆಯ ಗುಂಡಿ ಎಲ್ಲಿದೆ ಎಂಬುದನ್ನೂ ಕೇಳಿ.