ಪುಟಿಯದ ಸುತ್ತಿಗೆ ಹುಡುಕಿ ಹೊರಟಾಗ

ಸುತ್ತಿಗೆಯೂ ಒಡೆಯುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಕಳೆದ ಮಳೆಗಾಲದ ಒಂದು ಶನಿವಾರ ಗೊತ್ತಾಯಿತು.

ಪೀಣ್ಯದಲ್ಲಿ ಅಪ್ಪನದೊಂದು ಸಣ್ಣ ಶೆಡ್ ಇದೆ. ಎರಡು ಮಿಲ್ಲಿಂಗ್ ಮಷಿನ್, ಒಂದು ಲೇತ್, ಇಬ್ಬರು ಕೆಲಸದವರು. ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುವ ನಾನು ಶನಿವಾರ ಅಲ್ಲಿಗೆ ಹೋಗಿ ಬಿಲ್ಲು ಬರೆದುಕೊಡ್ತೀನಿ. ಅವತ್ತು ಅಲ್ಯೂಮಿನಿಯಂ ಪ್ಲೇಟಿನ ಆರ್ಡರ್ ನಡೀತಿತ್ತು. ಹಿರಿಯ ಆಪರೇಟರ್ ಒಬ್ಬರಿದ್ದಾರೆ, ನಾನು ಅವರನ್ನು ಮಾಮ ಅಂತಲೇ ಕರೆಯೋದು. ಅವರು ಕಿತ್ತಳೆ ಬಣ್ಣದ ಸುತ್ತಿಗೆಯಲ್ಲಿ ಪ್ಲೇಟಿನ ಮೇಲೆ ಒಂದೇಟು ಹಾಕಿದರು. ಕತ್ತಿನ ಹತ್ತಿರ ಪ್ಲಾಸ್ಟಿಕ್ ಸೀಳಿ, ಒಳಗಿದ್ದ ಉಕ್ಕಿನ ಗುಂಡುಗಳು ರಾಗಿ ಚೆಲ್ಲಿದ ಹಾಗೆ ಮಷಿನ್ ತುಂಬ ಹರಡಿದವು.

ಬ್ರಶ್ ಹಾಕಿ ಗುಡಿಸಿ, ಗಾಳಿ ಹೊಡೆದು ಎಲ್ಲ ಕ್ಲೀನ್ ಮಾಡಿದೆವು ಅಂದುಕೊಂಡೆವು. ಒಂದೇ ಒಂದು ಗುಂಡು ವೈಸ್‌ನ ಸಾಫ್ಟ್ ಜಾ ಒಳಗೆ ಅರ್ಧ ಹೂತು ಕೂತಿತ್ತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ, ಮುಗಿಸಿದ ನಾಲ್ಕು ಪ್ಲೇಟುಗಳ ಮೈಮೇಲೆ ಒಂದೊಂದು ಗುಳಿ ಬಿದ್ದಿತ್ತು. ನಾಲ್ಕೂ ರಿಜೆಕ್ಟ್.

ಆ ಸುತ್ತಿಗೆ ತರಿಸಿಕೊಟ್ಟವಳು ನಾನೇ. ಆನ್‌ಲೈನ್‌ನಲ್ಲಿ ಆರುನೂರು ರೂಪಾಯಿ ಒಳಗೆ ಸಿಕ್ಕಿತ್ತು, ಫೋಟೋ ಚೆನ್ನಾಗಿತ್ತು. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು ಪುಟ್ಟಿ, ನಮಗೆ ಹಿತ್ತಾಳೆ ಸುತ್ತಿಗೆಯೇ ಸಾಕು" ಅಂತ ಹಳೆಯದನ್ನು ಮತ್ತೆ ಕೈಗೆತ್ತಿಕೊಂಡರು. ಅದನ್ನು ನೋಡಿ ನನಗೆ ಇನ್ನೂ ಬೇಜಾರಾಯಿತು. ಹಿತ್ತಾಳೆ ಸುತ್ತಿಗೆ ಪ್ರತಿ ಏಟಿಗೂ ಪುಟಿಯುತ್ತೆ, ಆ ಅದುರು ಕೈಗೆ ಬರುತ್ತೆ. ಅಪ್ಪನ ಬಲ ಮಣಿಕಟ್ಟು ಆಗಲೇ ನೋಯುತ್ತಿತ್ತು, ಬೆಳಿಗ್ಗೆ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿಯುವಷ್ಟು. ಕೈಗೆ ಅದುರು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದಕ್ಕೇ ನಾನು ಡೆಡ್ ಬ್ಲೋ ಸುತ್ತಿಗೆ ತರಿಸಿದ್ದು.

ಸರಿ, ಈ ಸಲ ತಿಳಿದುಕೊಂಡೇ ತರೋಣ ಅಂತ ಹೊರಟೆ.

'ಸತ್ತ ಏಟು' ಅಂದರೇನು?

ಹೆಸರು ಕೇಳಿ ಅಪ್ಪ ನಕ್ಕಿದ್ದರು, "ಸತ್ತ ಏಟು ಅಂತಾನಾ?" ಒಂಥರಾ ಹೌದು. ರಬ್ಬರ್ ಚೆಂಡನ್ನು ನೆಲಕ್ಕೆ ಹಾಕಿ, ಪುಟಿಯುತ್ತೆ. ಅರ್ಧ ತುಂಬಿದ ರಾಗಿ ಚೀಲ ಎತ್ತಿ ಹಾಕಿ, ಧೊಪ್ಪಂತ ಕೂತುಬಿಡುತ್ತೆ. ಡೆಡ್ ಬ್ಲೋ ಸುತ್ತಿಗೆಯ ತಲೆ ಟೊಳ್ಳು. ಅದರಲ್ಲಿ ಉಕ್ಕಿನ ಸಣ್ಣ ಗುಂಡು ಅಥವಾ ಮರಳು ಇರುತ್ತೆ, ಆದರೆ ಪೂರ್ತಿ ತುಂಬಿರುವುದಿಲ್ಲ. ಏಟು ಬಿದ್ದು ತಲೆ ವಾಪಸ್ ಪುಟಿಯಲು ಹೊರಟಾಗ, ಹಿಂದೆ ಉಳಿದಿದ್ದ ಗುಂಡುಗಳು ಮುಂದಕ್ಕೆ ಬಂದು ಒಳಗಿನ ಗೋಡೆಗೆ ಬಡಿಯುತ್ತವೆ. ಪುಟಿತ ಅಲ್ಲೇ ಸಾಯುತ್ತೆ. ಪೆಟ್ಟಿನ ಬಲ ವಾಪಸ್ ಕೈಗೆ ಬರುವ ಬದಲು ಜಾಬ್‌ಗೆ ಹೋಗುತ್ತೆ.

ಮಿಲ್ಲಿಂಗ್‌ನಲ್ಲಿ ಇದಕ್ಕೆ ಬೇರೆ ಮಹತ್ವವೂ ಇದೆ. ವೈಸ್ ಬಿಗಿ ಮಾಡುವಾಗ ಜಾಬ್ ಕೂದಲೆಳೆಯಷ್ಟು ಮೇಲೇಳುತ್ತೆ. ಕೆಳಗಿನ ಪ್ಯಾರಲಲ್ ಪಟ್ಟಿಗಳ ಮೇಲೆ ಅದು ಪೂರ್ತಿ ಕೂರದಿದ್ದರೆ ಅಳತೆ ತಪ್ಪಿತು ಅಂತಲೇ ಅರ್ಥ. ಬಿಗಿ ಮಾಡಿದ ಮೇಲೆ ಮೇಲಿಂದ ತಟ್ಟಿ ಕೂರಿಸಬೇಕು. ಪುಟಿಯುವ ಸುತ್ತಿಗೆಯಲ್ಲಿ ತಟ್ಟಿದರೆ ಜಾಬ್ ಕೂಡ ಅದರ ಜೊತೆ ಕುಣಿಯುತ್ತೆ. ಪ್ಯಾರಲಲ್ ಅನ್ನು ಬೆರಳಲ್ಲಿ ತಳ್ಳಿದಾಗ ಅಲ್ಲಾಡದಿದ್ದರೆ ಕೂತಿದೆ ಅಂತ ಲೆಕ್ಕ. ಮಾಮ ಪ್ರತಿ ಸಲ ಇದನ್ನು ನೋಡಿಯೇ ಮಷಿನ್ ಚಾಲೂ ಮಾಡೋದು.

ಅಂಗಡಿಯಲ್ಲಿ ಕಲಿತ ಪಾಠ

ಎಸ್.ಜೆ.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದೆ. ಮೊದಲ ಎರಡು ಅಂಗಡಿಯಲ್ಲಿ ಡೆಡ್ ಬ್ಲೋ ಕೇಳಿದರೆ ಕಪ್ಪು ರಬ್ಬರ್ ಸುತ್ತಿಗೆ ಕೊಟ್ಟರು. ಅದು ಬೇರೆಯೇ ಸಾಮಾನು. ಜಾಬ್‌ಗೆ ಗಾಯ ಮಾಡಲ್ಲ ನಿಜ, ಆದರೆ ಚೆನ್ನಾಗಿ ಪುಟಿಯುತ್ತೆ, ಕಪ್ಪು ಕಲೆಯನ್ನೂ ಬಿಡುತ್ತೆ. ಅಲ್ಲಾಡಿಸಿ ನೋಡಿ. ಒಳಗೆ ಸರಸರ ಸದ್ದು ಬಂದರೆ ಮಾತ್ರ ಡೆಡ್ ಬ್ಲೋ.

ಮೂರನೇ ಅಂಗಡಿಯ ಯಜಮಾನರು ಪುಣ್ಯಾತ್ಮರು. "ಕೂತ್ಕೊಳಮ್ಮ" ಅಂತ ಸ್ಟೂಲ್ ಕೊಟ್ಟು, ಮೂರ್ನಾಲ್ಕು ಸುತ್ತಿಗೆ ಮುಂದಿಟ್ಟರು. ನಾನು ಒಡೆದ ಸುತ್ತಿಗೆಯನ್ನು ಬ್ಯಾಗಿನಿಂದ ತೆಗೆದು ತೋರಿಸಿದೆ. ಅದರ ಬಾಯಿ ಅಗಲಿಸಿ, "ಇದಕ್ಕೆ ಎಲುಬೇ ಇಲ್ಲವಲ್ಲ" ಅಂದರು.

ಆಗ ಅರ್ಥವಾಯಿತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಸುತ್ತಿಗೆಗಳಲ್ಲಿ ಎರಡು ಥರ. ಗಟ್ಟಿಯದರಲ್ಲಿ ಗುಂಡುಗಳು ಒಂದು ಉಕ್ಕಿನ ಡಬ್ಬಿಯಲ್ಲಿರುತ್ತವೆ, ಹಿಡಿಯ ಉದ್ದಕ್ಕೂ ಉಕ್ಕಿನ ಸರಳು ಇರುತ್ತೆ, ಇವೆರಡರ ಮೇಲೆ ಪಾಲಿಯುರಿಥೇನ್ ಹೊದಿಕೆ. ಅಗ್ಗದ್ದರಲ್ಲಿ ಬರೀ ಟೊಳ್ಳು ಪ್ಲಾಸ್ಟಿಕ್, ಒಳಗೆ ಗುಂಡು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನನ್ನದು ಸೀಳಿದ್ದು ತಲೆಯೂ ಹಿಡಿಯೂ ಸೇರುವ ಕತ್ತಿನಲ್ಲಿ. ಏಟಿನ ಒತ್ತಡವೆಲ್ಲ ಬೀಳುವುದೇ ಅಲ್ಲಿ.

ಇನ್ನೊಂದು ಥರದ್ದು, ಮುಖ ಬದಲಾಯಿಸುವಂಥದ್ದು. ಉಕ್ಕಿನ ತಲೆ, ಒಳಗೆ ಗುಂಡು, ಎರಡೂ ಕಡೆ ನೈಲಾನ್ ಅಥವಾ ಪಾಲಿಯುರಿಥೇನ್ ಮುಖ. ಮುಖ ಸವೆದರೆ ಅದನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದು. ಬೆಲೆ ಜಾಸ್ತಿ. ಆದರೆ ಎರಕದ ಸುತ್ತಿಗೆಯ ಮುಖ ಹಾಳಾದರೆ ಇಡೀ ಸುತ್ತಿಗೆಯನ್ನೇ ಎಸೆಯಬೇಕು. ದಿನಾ ಬಳಸುವವರಿಗೆ ಈ ಲೆಕ್ಕ ಮುಖ್ಯ.

ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತೆ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಶೂವಿನ ಅಡಿ ಒಂದು ದಿನ ತಾನಾಗಿ ಪುಡಿಪುಡಿಯಾಗುವುದನ್ನು ನೀವು ನೋಡಿರಬಹುದು. ಅದೂ ಎಷ್ಟೋ ಸಲ ಪಾಲಿಯುರಿಥೇನೇ. ಕೆಲವು ಬಗೆಯದು ಗಾಳಿಯ ತೇವಕ್ಕೆ, ಸೆಕೆಗೆ ನಿಧಾನವಾಗಿ ಕರಗಿ ಅಂಟಂಟಾಗುತ್ತೆ, ಇಲ್ಲವೇ ಉದುರುತ್ತೆ. ಅದಕ್ಕೇ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಧೂಳು ಹಿಡಿದು ಕೂತ ಮಾಲು ಬೇಡ. ಮಂಗಳೂರು, ಉಡುಪಿ ಕಡೆಯ ತೇವದಲ್ಲಿರುವವರು ಇದನ್ನು ಇನ್ನೂ ಗಮನಿಸಬೇಕು.

ದುಡ್ಡು ಕೊಡುವ ಮೊದಲು

ಯಜಮಾನರು ಹೇಳಿಕೊಟ್ಟಿದ್ದು, ಮಾಮ ಸೇರಿಸಿದ್ದು ಎಲ್ಲ ಒಟ್ಟಿಗೆ ಬರೀತೀನಿ.

• ಬೀಳಿಸಿ ನೋಡಿ. ಹಿಡಿಯ ತುದಿಯನ್ನು ಸಡಿಲವಾಗಿ ಹಿಡಿದು, ತಲೆಯನ್ನು ಒಂದು ಗೇಣು ಎತ್ತರದಿಂದ ಗಟ್ಟಿ ಮೇಜಿನ ಮೇಲೆ ಬಿಡಿ. ಬಿದ್ದಲ್ಲೇ ಕೂತರೆ ಒಳ್ಳೆಯದು, ಎಗರಿದರೆ ಬೇಡ.

• ಕತ್ತು ಬಗ್ಗಿಸಿ ನೋಡಿ. ಎರಡು ಕೈಯಲ್ಲಿ ಹಿಡಿದು ಒತ್ತಿದಾಗ ಕತ್ತಿನ ಹತ್ತಿರ ಬಳುಕಿದರೆ ಒಳಗೆ ಸರಳು ಇಲ್ಲ ಅಂತ ಅನುಮಾನಿಸಿ.

• ಅಚ್ಚಿನ ಜೋಡಣೆ ಗೆರೆ ನೋಡಿ. ಗಾಳಿಗುಳ್ಳೆ, ಸಣ್ಣ ಬಿರುಕು ಇದ್ದರೆ ಮುಂದೆ ಸೀಳುವುದು ಅಲ್ಲಿಂದಲೇ.

• ತೂಕ ಕೆಲಸಕ್ಕೆ ತಕ್ಕ ಹಾಗಿರಲಿ. ವೈಸ್‌ನಲ್ಲಿ ಜಾಬ್ ಕೂರಿಸಲು ಸುಮಾರು 450ರಿಂದ 900 ಗ್ರಾಂ ಸಾಕು. ಪೆಟ್ಟಿಗೆಯಲ್ಲಿ ಬರುವ ಮಂಚ, ಕಪಾಟು ಜೋಡಿಸಲು ಅರ್ಧ ಕೆಜಿ ಆಸುಪಾಸು ಸಾಕು. ಕಾರಿನ ಕೆಳಗಿನ ಜಾಮ್ ಆದ ಭಾಗ ಬಿಡಿಸುವವರಿಗೆ ಒಂದೂವರೆ ಕೆಜಿ ಬೇಕಾಗಬಹುದು. ಪೌಂಡಿನಲ್ಲಿ ಬರೆದಿದ್ದರೆ ಒಂದು ಪೌಂಡ್ ಅಂದರೆ 454 ಗ್ರಾಂ.

• ಮುಖ ಬದಲಾಯಿಸುವ ಥರದ್ದು ತಗೊಂಡರೆ, ಒಂದು ಜೊತೆ ಹೆಚ್ಚುವರಿ ಮುಖ ಅವತ್ತೇ ತಗೊಳ್ಳಿ. ಬಿಡಿಯಾಗಿ ಸಿಗದಿದ್ದರೆ ಆ ಸುತ್ತಿಗೆಗೆ ಜಾಸ್ತಿ ದುಡ್ಡು ಕೊಟ್ಟು ಪ್ರಯೋಜನವಿಲ್ಲ.

ಬಾಳಿಕೆ ನಮ್ಮ ಕೈಯಲ್ಲೂ ಇದೆ

ಒಡೆದಿದ್ದಕ್ಕೆ ಮಾಲನ್ನಷ್ಟೇ ದೂರಲಾರೆ. ವಿಚಾರಿಸಿದಾಗ, ನಮ್ಮ ಶೆಡ್‌ನ ಹುಡುಗ ಅದರಲ್ಲಿ ಮೊಳೆ ಹೊಡೆದಿದ್ದ, ಉಳಿಯ ತಲೆಗೂ ಬಡಿದಿದ್ದ. ಮೆತ್ತನೆ ಮುಖಕ್ಕೆ ಚೂಪಾದ ಉಕ್ಕು ಬಿದ್ದರೆ ಕುಯ್ದ ಗಾಯವಾಗುತ್ತೆ, ಬಿರುಕು ಅಲ್ಲಿಂದ ಬೆಳೆಯುತ್ತೆ. ಜಾಬ್‌ನ ಅಂಚಿಗೆ ಹೊಡೆಯದೆ, ಮಟ್ಟಸವಾದ ಜಾಗಕ್ಕೇ ಮುಖ ಪೂರ್ತಿ ತಾಗುವಂತೆ ಹೊಡೆಯಬೇಕು. ಒರೆಸಲು ಥಿನ್ನರ್, ಅಸಿಟೋನ್ ಬೇಡ, ಸೋಪು ನೀರು ಸಾಕು. ಬಿಸಿಲಿನಲ್ಲಿ ನಿಲ್ಲುವ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಸಣ್ಣ ಬಿರುಕು ಕಂಡರೂ ಟೇಪ್ ಸುತ್ತಿ ಮುಂದುವರಿಸಬೇಡಿ, ತೆಗೆದಿಡಿ. ನಮ್ಮ ಗುಂಡುಗಳು ಮಷಿನ್ ಮೇಲೆ ಬಿದ್ದವು, ಕಣ್ಣಿಗೆ ಬೀಳಬಹುದಿತ್ತು. ಮೆತ್ತನೆ ಸುತ್ತಿಗೆಯಾದರೂ ಕನ್ನಡಕ ಹಾಕಿಕೊಳ್ಳಿ.

ಕೊನೆಗೆ ನಾನು ತಂದಿದ್ದು ಮುಖ ಬದಲಾಯಿಸುವಂಥದ್ದು, ಮುಕ್ಕಾಲು ಕೆಜಿ ಆಸುಪಾಸು. ಮೊದಲಿನದರ ನಾಲ್ಕು ಪಟ್ಟು ಬೆಲೆ. ಬಿಲ್ಲು ನೋಡಿ ಅಪ್ಪ, "ಒಂದು ಸುತ್ತಿಗೆಗೆ ಇಷ್ಟಾ?" ಅಂದರು. ರಿಜೆಕ್ಟ್ ಆದ ನಾಲ್ಕು ಪ್ಲೇಟಿನ ಖರ್ಚು ಬರೆದಿದ್ದ ಪುಟವನ್ನು ನಾನು ತಿರುಗಿಸಿ ತೋರಿಸಿದೆ. ಮತ್ತೆ ಮಾತಾಡಲಿಲ್ಲ.

ಮಣಿಕಟ್ಟಿನ ನೋವು ಮಾಯವಾಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಬಿಸಿನೀರು, ವ್ಯಾಯಾಮ ನಡೆದೇ ಇದೆ. ಆದರೆ ಸಂಜೆ ಶೆಡ್ ಬಾಗಿಲು ಎಳೆಯುವಾಗ ಬಲಗೈ ಒದರಿಕೊಳ್ಳುತ್ತಿದ್ದರಲ್ಲ, ಅದು ಕಮ್ಮಿಯಾಗಿದೆ. ಹೊಸ ಸುತ್ತಿಗೆ ನೇತು ಹಾಕಲು ತಮ್ಮ ಮಷಿನ್ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದುಕೊಂಡಿದ್ದಾರೆ. ಹುಡುಗ ಕೈ ಹಾಕಿದರೆ, "ಏಯ್, ಮೊಳೆ ಹೊಡೆಯೋಕಾದ್ರೆ ಅಲ್ಲಿ ಹಳೇದಿದೆ ನೋಡು" ಅಂತಾರೆ.