ಉಪದ್ರಗಳಿಗೊಂದು ಉಪಕಾರಸ್ಮರಣೆ

ತೋಟದ ಉಪದ್ರಗಳಿಗೆ ಬರೆಯುವವರು ಬೇಕಷ್ಟು ಜನ ಇದ್ದಾರೆ. ಕೊಳೆರೋಗ, ಮಂಗ, ಹಂದಿ ಎಲ್ಲಕ್ಕೂ ಪುಟ ಸಿಕ್ಕಿದೆ. ಮನೆಯೊಳಗಿನ ಉಪದ್ರಗಳನ್ನು ಮಾತ್ರ ಕೇಳುವವರಿಲ್ಲ. ದಿನಾ ತಪ್ಪದೆ ನಮ್ಮ ಸೇವೆ ಮಾಡುವ ಅವುಗಳಿಗೆ ಒಂದು ಧನ್ಯವಾದವಾದರೂ ಬೇಡವೇ?

ಮೊದಲ ನಮಸ್ಕಾರ ಗೋಬರ್ ಗ್ಯಾಸಿನ ಪೈಪಿಗೆ. ದಿನಾ ಒಂದೇ ರೀತಿ ಉರಿದರೆ ಮನೆಯಾಕೆಗೆ ಬೇಜಾರು ಬರಬಾರದಲ್ಲ? ಅದಕ್ಕೇ ನೆಂಟರು ಬಂದ ದಿನ ನೋಡಿಯೇ ಉರಿಯನ್ನು ಕುಣಿಸುತ್ತದೆ, ಕೆಮ್ಮಿಸುತ್ತದೆ, ಕೊನೆಗೆ ನಂದಿಸಿ ಕೈತೊಳೆಯುತ್ತದೆ. ಕಾರಣ ನನಗೆ ಗೊತ್ತಿಲ್ಲದ್ದಲ್ಲ. ಗ್ಯಾಸಿನ ಜೊತೆ ಬರುವ ನೀರಾವಿ ತಣಿದು ಪೈಪು ತಗ್ಗಾದಲ್ಲಿ ನಿಲ್ಲುತ್ತದೆ. ಆ ಜಾಗದಲ್ಲೊಂದು ಟೀ ಜಾಯಿಂಟ್ ಹಾಕಿ, ನೀರು ಬಸಿಯಲು ಸಣ್ಣ ನಲ್ಲಿ ಕೂರಿಸಿದರೆ ಆಯಿತು. ಅರ್ಧ ದಿನದ ಕೆಲಸ. ಆರು ವರ್ಷದಿಂದ 'ನಾಳೆ ಮಾಡುವಾ' ಎನ್ನುತ್ತಿದ್ದೇನೆ.

ಮಂಗ ಹಾರಿ ಸರಿದ ಹಂಚಿಗೂ ವಂದನೆ. ಸೋರಲಿಕ್ಕೆ ಇಷ್ಟು ದೊಡ್ಡ ಮನೆಯಿದ್ದರೂ ಬೇರೆಲ್ಲೂ ಬೀಳದೆ, ನೇರ ಚಾಲಿ ಅಡಿಕೆಯ ಗೋಣಿಯ ಮೇಲೇ ಬೀಳುವ ಅದರ ಗುರಿ ಮೆಚ್ಚುವಂಥದ್ದು. ಹಲಸಿನ ಮಯಣ ಮೆತ್ತಿದ ಕತ್ತಿ, ಸಕ್ಕರೆ ಡಬ್ಬಿಯ ಇರುವೆ, ಸರಿಯಾಗಿ ಉಣ್ಣಲು ಕೂತಾಗ ಬರುವ ಫೋನು, ಇವರಿಗೆಲ್ಲ ಒಟ್ಟಿಗೇ ಒಂದು ನಮಸ್ಕಾರ.

ನಾನು ಅತಿ ಹೆಚ್ಚು ಬೈದದ್ದು ಮಾತ್ರ ಮೀಟರ್ ಬೋರ್ಡಿನ ಪಕ್ಕದ ಟ್ರಿಪ್ ಸ್ವಿಚ್ಚಿಗೆ. ವಯರಿಂಗ್ ಹೊಸತು ಮಾಡಿಸಿದಾಗ ಎಲೆಕ್ಟ್ರೀಷಿಯನ್ ಕೂರಿಸಿದ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕಳೆದ ಮಳೆಗಾಲದಲ್ಲಿ ಇದರ ಸೇವೆ ಅತಿಯಾಯಿತು. ದೋಸೆಗೆ ಅರೆಯುವಾಗ ಟಪ್. ಬಟ್ಟೆ ಇಸ್ತ್ರಿ ಹಾಕುವಾಗ ಟಪ್. ರಾತ್ರಿ ಎರಡು ಗಂಟೆಗೆ, ಯಾರೂ ಏನೂ ಮುಟ್ಟದೆ ಟಪ್. ಟಾರ್ಚ್ ಹುಡುಕುತ್ತಾ ಮಂಚದ ಕಾಲಿಗೆ ಹೆಬ್ಬೆರಳು ಬಡಿಸಿಕೊಂಡು ಹೋಗಿ ಮೇಲೆತ್ತಿ ಬಂದು ಮಲಗಿದರೆ ಮತ್ತೆ ಟಪ್. ಬ್ರಾಹ್ಮೀ ಮುಹೂರ್ತಕ್ಕೂ ಮೊದಲೇ ಎಬ್ಬಿಸಿದ ಪುಣ್ಯಾತ್ಮ!

ಏಳನೆಯ ದಿನ ನನಗೊಂದು ಬುದ್ಧಿ ಹೊಳೆಯಿತು. ಸ್ಕ್ರೂಡ್ರೈವರ್ ತಕೊಂಡು ಅದನ್ನು ಬೈಪಾಸ್ ಮಾಡಿಬಿಟ್ಟೆ. ಹೇಗೆ ಅಂತ ಬರೆಯುವುದಿಲ್ಲ, ನನ್ನಂಥ ಜಾಣರು ಓದುಗರಲ್ಲೂ ಇದ್ದಾರು.

ಮೂರು ದಿನ ಮನೆ ತಣ್ಣಗಿತ್ತು. ನಾಲ್ಕನೆಯ ಬೆಳಿಗ್ಗೆ ಬಚ್ಚಲಿನಿಂದ ಮನೆಯಾಕೆಯ ಸ್ವರ. "ಹೋಯ್, ಈ ನಲ್ಲಿ ಮುಟ್ಟಿದರೆ ಕೈ ಜುಂ ಅಂತದಲ್ಲಾ, ಎಂತದು?"

"ಚಳಿಗೆ ಹಾಗಾಗ್ತದೆ" ಎಂದೆ, ಪೇಪರಿನಿಂದ ತಲೆ ಎತ್ತದೆ. ಅವಳ ದೂರುಗಳಿಗೆ ತಲೆ ಎತ್ತದೆ ಉತ್ತರ ಕೊಡುವುದರಲ್ಲಿ ನನಗೆ 31 ವರ್ಷದ ಅನುಭವ ಉಂಟು.

ಸ್ವಲ್ಪ ಹೊತ್ತಿಗೆ ಒದ್ದೆ ಕೈಯಲ್ಲೇ ಬಂದು ಎದುರು ನಿಂತಳು. "ಚಳಿಯೇ ಆದರೆ ನೀವೇ ಒಮ್ಮೆ ಮುಟ್ಟಿ ನೋಡಿ."

ಎದ್ದೆ. ಯಾಕೋ ಟೆಸ್ಟರ್ ಹಿಡಿದುಕೊಂಡೇ ಹೋದೆ. ನಲ್ಲಿಗೆ ಹಿಡಿದರೆ ಅದರ ಕೆಂಪು ದೀಪ ಉರಿಯಿತು! ಅವಳ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಹಾಗಾಗಿ ಬರೀ ಜುಂ ಎಂದಿತ್ತು. ಶಾಲೆಗೆ ಹೊರಡುವ ಮೊಮ್ಮಗಳು ಮೀಯುವುದು ಅದೇ ನಲ್ಲಿಯ ಬುಡದಲ್ಲಿ, ಬರಿಗಾಲಲ್ಲಿ. ಟವೆಲ್ ಹೆಗಲಿಗೆ ಹಾಕಿ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು.

ಮೈನ್ ಸ್ವಿಚ್ ಇಳಿಸಿದ ಮೇಲೂ ಸುಮಾರು ಹೊತ್ತು ನನ್ನ ಕೈ ನಡುಗುತ್ತಿತ್ತು.

ಎಲೆಕ್ಟ್ರೀಷಿಯನ್ ಬಂದು ಅಟ್ಟ ಹತ್ತಿದ. ಬಚ್ಚಲಿಗೆ ಹೋಗುವ ವಯರನ್ನು ಇಲಿ ಕಡಿದು, ತಾಮ್ರ ಹೊರಗೆ ಬಂದು ಟ್ಯಾಂಕಿನಿಂದ ಇಳಿಯುವ ಕಬ್ಬಿಣದ ಪೈಪಿಗೆ ತಾಗಿಕೊಂಡಿತ್ತು. ಅರ್ತಿಂಗ್ ನೋಡಿದರೆ ಅದರ ಕ್ಲಾಂಪು ಅಡಿಕೆ ಸಿಪ್ಪೆಯ ರಾಶಿಯಡಿ ತುಕ್ಕು ಹಿಡಿದು ತುಂಡಾಗಿ ಎಷ್ಟು ಕಾಲವಾಗಿತ್ತೋ.

"ರಾತ್ರೆ ಎಬ್ಬಿಸಿ ಎಬ್ಬಿಸಿ ಅದು ಹೇಳಿದ್ದು ಇದನ್ನೇ ಅಣ್ಣಾ" ಎಂದ. ಫೇಸಿನಲ್ಲಿ ಹೋದ ಕರೆಂಟು ಪೂರಾ ನ್ಯೂಟ್ರಲಿನಲ್ಲಿ ವಾಪಸು ಬರಬೇಕು. ಬಾರದೆ 30 ಮಿಲಿಆಂಪಿಯರಿನಷ್ಟು ಬೇರೆಲ್ಲೋ ಸೋರಿದರೆ ಈ ಸ್ವಿಚ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬೀಳುತ್ತದೆ. ಫ್ಯೂಸು ಹಾರಲಿಕ್ಕೆ ಆಂಪಿಯರುಗಟ್ಟಲೆ ಬೇಕು, ಮನುಷ್ಯನ ಎದೆ ನಿಲ್ಲಲಿಕ್ಕೆ ಅದರಲ್ಲೊಂದು ಸಣ್ಣ ಪಾಲು ಸಾಕಂತೆ. ಸ್ವಿಚ್ಚಿನ ಮೇಲೊಂದು ಟೆಸ್ಟ್ ಗುಂಡಿ ಉಂಟು. ತಿಂಗಳಿಗೊಮ್ಮೆ ಒತ್ತಬೇಕು, ಬೀಳದಿದ್ದರೆ ಅದು ಕೆಟ್ಟಿದೆ ಅಂತ ಲೆಕ್ಕ. ಇಷ್ಟು ವರ್ಷ ನಾನು ಅದನ್ನು ಅಲಂಕಾರಕ್ಕೆ ಇಟ್ಟದ್ದೆಂದುಕೊಂಡಿದ್ದೆ.

ಹೊಸ ವಯರು ಪಿವಿಸಿ ಪೈಪಿನೊಳಗೆ ಹೋಯಿತು, ಅರ್ತಿಂಗಿಗೆ ಹೊಸ ಕ್ಲಾಂಪು ಬಂತು, ಸಿಪ್ಪೆಯ ರಾಶಿ ದೂರ ಸರಿಯಿತು. ಬೈಪಾಸಿನ ವಯರನ್ನು ಬಿಚ್ಚಿ ಅವನು ನನ್ನ ಕೈಗೇ ಕೊಟ್ಟ, ಮಾತಾಡಲಿಲ್ಲ. ಮಾತಾಡಿದ್ದು ಮನೆಯಾಕೆ. ಕಾಫಿ ತಂದಿಟ್ಟು, "ಆ ಗ್ಯಾಸಿನ ಪೈಪೂ ಆರು ವರ್ಷದಿಂದ ಎಂತದೋ ಹೇಳ್ತಾ ಉಂಟು" ಎಂದಳು.

ಟೀ ಜಾಯಿಂಟ್ ಅದೇ ಸಂಜೆ ಕೂತಿತು. ತೆರೆದಾಗ ಒಂದು ಚೆಂಬು ನೀರು ಬಂತು.

ಇಲಿ ಇನ್ನೂ ಸಿಕ್ಕಿಲ್ಲ. ಬೋನಿಗಿಟ್ಟ ಕೊಬ್ಬರಿ ಮಾತ್ರ ದಿನಾ ಬೆಳಿಗ್ಗೆ ಖಾಲಿ.